ಮರದ ಅಳತೆ, ಮನೆಯ ಅಳತೆ

ಮಲೆನಾಡಿನಲ್ಲಿ ದೊಡ್ಡ ಮರವೊಂದು ಬಿದ್ದರೆ ಸುದ್ದಿ ನೆಂಟರಿಗಿಂತ ಮೊದಲು ನಾಟಾ ವ್ಯಾಪಾರಿಗೆ ಮುಟ್ಟುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಜಾರಿ ಮನೆ, ಕಾಫಿ ತೋಟಗಳನ್ನೇ ಎಳೆದುಕೊಂಡು ಹೋದ ಮಳೆ ಇತ್ತಲ್ಲ, ಅದೇ ಮಳೆಗೆ ಕೊಪ್ಪ ತಾಲ್ಲೂಕಿನ ನಮ್ಮ ಹಳ್ಳಿಯ ನೆಲವೂ ನೀರು ಕುಡಿದು ಸಡಿಲವಾಗಿತ್ತು. ಗಾಳಿ ಅಂಥ ಜೋರೇನೂ ಇರಲಿಲ್ಲ. ಆದರೂ ಅಂಗಳದ ಮೇಲಿನ ದರೆಯಲ್ಲಿದ್ದ ಹಳೆಯ ಹಲಸು ಬೇರು ಸಮೇತ ಮಗುಚಿ, ಕೊಟ್ಟಿಗೆಯ ಹಂಚು ಸವರಿಕೊಂಡು, ಅಡಿಕೆ ತೋಟದ ಕಡೆ ತಲೆ ಹಾಕಿ ಬಿತ್ತು. ಹೋದ ಕರೆಂಟು ಇನ್ನೂ ಬಂದಿರಲಿಲ್ಲ, ವ್ಯಾಪಾರಿ ಬಂದಾಗಿತ್ತು.

ಅವನು ಕೊಡೆ ಮಡಚಿ, ಟೇಪು ತೆಗೆದು ದಿಮ್ಮಿಯ ಸುತ್ತ ಹಿಡಿದ. ಬುಡದ ಕಡೆ ತಟ್ಟಿ ಕಿವಿಗೊಟ್ಟ. “ಹಳೇ ಮರ ಮೇಷ್ಟ್ರೇ, ಒಳಗೆ ಟೊಳ್ಳಿರ್ತದೆ. ಇಲ್ಲಿಂದ ರಸ್ತೆಗೆ ಎಳೆಸೋ ಖರ್ಚೇ ನಂಗೆ ಹೊರೆ ಮಾರಾಯ್ರೆ” ಎಂದು ಸೌದೆಗಿಂತ ಸ್ವಲ್ಪ ಮೇಲಿನ ಬೆಲೆ ಹೇಳಿದ. ಅವನ ಲೆಕ್ಕ ನನಗೆ ಗೊತ್ತಿತ್ತು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ಬಂದದ್ದನ್ನು ಅದರಿಂದಲೇ ಗುಣಿಸು, ಉದ್ದದಿಂದ ಗುಣಿಸು, 144ರಿಂದ ಭಾಗಿಸು: ಘನ ಅಡಿ ಬಂತು. ಸುತ್ತಳತೆ 60 ಅಂಗುಲ, ಉದ್ದ 10 ಅಡಿ ಇರುವ ದಿಮ್ಮಿ ಈ ಲೆಕ್ಕದಲ್ಲಿ ಹದಿನೈದೂವರೆ ಘನ ಅಡಿ ಚಿಲ್ಲರೆ. ಶಾಲೆಯಲ್ಲಿ ನಾನೇ ಮಕ್ಕಳಿಗೆ ಹೇಳಿಕೊಡುವ ಸಿಲಿಂಡರಿನ ಸೂತ್ರ ಹಾಕಿದರೆ ಅದೇ ದಿಮ್ಮಿ ಸುಮಾರು ಇಪ್ಪತ್ತು ಘನ ಅಡಿ. ನಡುವಿನ ಐದನೇ ಒಂದು ಭಾಗ ತೊಗಟೆಗೆ, ಹೊಟ್ಟಿಗೆ, ಚೌಕ ಮಾಡುವಾಗ ಹೋಗುವ ಅಂಚಿಗೆ ಎಂದು ಮೊದಲೇ ಕಳೆದ ಹಾಗೆ. ಬ್ರಿಟಿಷರ ಕಾಲದಿಂದ ನಡೆದುಬಂದ ಪದ್ಧತಿ, ಇದರಲ್ಲಿ ಮೋಸವೇನೂ ಇಲ್ಲ. ಆದರೆ ದಿಮ್ಮಿಯನ್ನು ಅಂಗಳದಲ್ಲೇ ಕೊಯ್ದರೆ ಆ ಐದನೇ ಒಂದು ಭಾಗದಲ್ಲಿ ಒಂದಿಷ್ಟಾದರೂ ನಮಗೆ ಉಳಿದೀತು ಎಂಬ ಆಸೆ ನನ್ನಲ್ಲಿ ಹುಟ್ಟಿದ್ದು ಆ ಗಳಿಗೆಯಲ್ಲೇ.

ಆಸೆಗೆ ಕಾರಣವೂ ಇತ್ತು. ಮನೆಯ ಪಶ್ಚಿಮದ ಕಿಟಕಿಗಳು ಮಳೆ ಹೊಡೆತಕ್ಕೆ ಲಡ್ಡಾಗಿದ್ದವು. ಊಟದ ಮೇಜು ಬೇಕು ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಮಗಳು ಆಗಷ್ಟೇ ಕಾಲೇಜಿಗೆ ಸೇರಿದ್ದರಿಂದ ನನ್ನ ಸಂಬಳಕ್ಕೆ ಬೇರೆ ದಾರಿ ಗೊತ್ತಾಗಿತ್ತು. ಪೇಟೆಯ ಮರದ ಅಂಗಡಿಯಲ್ಲಿ ಹಲಸಿನ ಹಲಗೆಯ ದರ ಕೇಳಿ ಬಂದವನಿಗೆ, ಬಿದ್ದ ದಿಮ್ಮಿ ಬೇರೆ ರೀತಿ ಕಾಣತೊಡಗಿತು.

ಇನ್ನು ಕಾನೂನು. ನಮ್ಮದೇ ಜಾಗದ ಮರವಾದರೂ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಸಿಲ್ವರ್ ಓಕ್, ತೆಂಗು, ರಬ್ಬರ್‌ನಂಥ ಕೆಲವಕ್ಕಷ್ಟೇ ವಿನಾಯಿತಿ. ನಮ್ಮದು ಕಡಿದದ್ದಲ್ಲ, ಬಿದ್ದದ್ದು. ಆದರೂ ಬಿದ್ದ ಮರವನ್ನು ಯಾರೂ ಕಡಿದ ಮರ ಎನ್ನದಿರಲಿ ಎಂದು ಫೋಟೊ ತೆಗೆದು, ಅರ್ಜಿ ಬರೆದು ಕೊಟ್ಟೆ. ಫಾರೆಸ್ಟ್ ಗಾರ್ಡ್ ಬಂದು ಬೇರು ನೋಡಿ ತಲೆಯಾಡಿಸಿದ. ಸಾಮಿಲ್ಲಿಗೆ ಸಾಗಿಸುವುದಾದರೆ ರಹದಾರಿ ಮಾಡಿಸಬೇಕು, ಲಾರಿ ಹೇಳಬೇಕು. ಸಾಮಿಲ್ಲುಗಳೂ ಮೊದಲಿನಂತೆ ಊರಿಗೊಂದಿಲ್ಲ. ನೀಲಂಬೂರಿನ ಗೋದವರ್ಮನ್ ತಿರುಮುಲ್ಪಾಡ್ ಅವರು ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯ ಮೇಲೆ 1996ರ ಡಿಸೆಂಬರಿನಲ್ಲಿ ಬಂದ ಆದೇಶ, ಆಮೇಲೆ ಅದರ ಬೆನ್ನಿಗೇ ಬಂದ ಆದೇಶಗಳು ಮರದ ಉದ್ಯಮವನ್ನು ಲೈಸೆನ್ಸಿನ ಬಿಗಿಯೊಳಗೆ ತಂದವು. ಕಾಡಿಗೆ ಅದರಿಂದ ಒಳ್ಳೆಯದೇ ಆಯಿತು. ಗಾರ್ಡ್ ಹೊರಡುವಾಗ ಹೇಳಿದ ಮಾತು ಇಷ್ಟೇ: “ನಿಮ್ಮನೆ ಮರ ನಿಮ್ಮನೆಗೆ ಕೊಯ್ಕೊಳಿ ಮೇಷ್ಟ್ರೇ. ಮಿಷನ್ ಇದೆ ಅಂತ ಊರಿನವ್ರದ್ದೆಲ್ಲ ಬಾಡಿಗೆಗೆ ಕೊಯ್ಯಕ್ಕೆ ಹೋಗ್ಬೇಡಿ, ಅದು ಸಾಮಿಲ್ಲಾಗ್ತದೆ.”

ಮನೆಯಂಗಳದಲ್ಲಿ ಮರ ಕೊಯ್ಯುವುದು ನಮಗೆ ಹೊಸದಾಗಿರಲಿಲ್ಲ. ನಾನು ಹುಡುಗನಾಗಿದ್ದಾಗ, ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಗರಗಸದವರು ಬರುತ್ತಿದ್ದರು. ಹೆಚ್ಚಿನವರು ಕೇರಳದ ಕಡೆಯವರು. ಅಪ್ಪಯ್ಯ ಮನೆ ಕಟ್ಟಿಸಿದ ವರ್ಷ ಅವರು ನಮ್ಮ ಕಣದ ಚಪ್ಪರದಲ್ಲೇ ಬೀಡುಬಿಟ್ಟಿದ್ದರು. ದಿಮ್ಮಿಯನ್ನು ಎತ್ತರದ ಅಟ್ಟಳಿಗೆಯ ಮೇಲೆ ಏರಿಸಿ, ಒಬ್ಬ ಮೇಲೆ ನಿಲ್ಲುತ್ತಿದ್ದ, ಒಬ್ಬ ಕೆಳಗೆ. ಹಳೆಯ ಟಾರ್ಚ್ ಸೆಲ್ ಒಡೆದು ತೆಗೆದ ಮಸಿಯನ್ನು ನೀರಿನಲ್ಲಿ ಕಲಸಿ, ಅದರಲ್ಲಿ ದಾರ ಅದ್ದಿ, ಎರಡು ತುದಿಯಲ್ಲಿ ಬಿಗಿಹಿಡಿದು ನಡುವೆ ಎತ್ತಿ ಬಿಟ್ಟರೆ ‘ಠಪ್’ ಎಂದು ನೆಟ್ಟಗಿನ ಕಪ್ಪು ಗೆರೆ ಬೀಳುತ್ತಿತ್ತು. ಅದು ನೂಲು ಹೊಡೆಯುವುದು. ಗೆರೆ ಬಿಟ್ಟು ಹೋಗದಂತೆ ನೋಡುವ ಹೊಣೆ ಮೇಲಿನವನದು. ಎಳೆಯುವ ಬಲ, ಕಣ್ಣಿಗೆ ಬೀಳುವ ಹೊಟ್ಟು ಎರಡೂ ಕೆಳಗಿನವನ ಪಾಲು. ಕೂಲಿ ಮಾತ್ರ ಇಬ್ಬರಿಗೂ ಸಮ. ಕೊಯ್ದ ಹಲಗೆಗಳಲ್ಲಿ ಕೆಲವನ್ನು ಅಪ್ಪಯ್ಯ ಆ ವರ್ಷ ಮುಟ್ಟಲಿಲ್ಲ. ಒಲೆಯ ಹೊಗೆ ತಾಗುವ ಅಡುಗೆಮನೆ ಅಟ್ಟಕ್ಕೆ ಸೇರಿಸಿದರು. ಬಿದಿರಿನ ಗಳುಗಳನ್ನಂತೂ ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು. ಒಳಗಿನ ಪಿಷ್ಟ ನೀರಿಗೆ ಬಿಟ್ಟುಕೊಂಡರೆ ಕುಟ್ಟೆ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ ಎಂಬ ಕಾರಣ ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಂಥ ಜೋಡಿ ಈಗ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದೆ. ಪಕ್ಕದ ಊರಿನಲ್ಲಿ, ಇಲ್ಲೇ ಮದುವೆಯಾಗಿ ನೆಲೆನಿಂತ ಹಿರಿಯರೊಬ್ಬರಿದ್ದರು. ಅವರ ಮನೆಯ ಮಾಡಿನಲ್ಲಿ ಗರಗಸ ಎಣ್ಣೆ ಬಟ್ಟೆ ಸುತ್ತಿಕೊಂಡು ಇನ್ನೂ ಇತ್ತು. “ಗರಗಸ ಉಂಟು, ಕೈಯೂ ಉಂಟು. ಜೋಡಿ ಇಲ್ಲ ಮೇಷ್ಟ್ರೇ, ನಾನೊಬ್ಬನೇ ಉಳಿದದ್ದು” ಎಂದರು. ಬೇಕಾದರೆ ಬಂದು ಗೆರೆ ಹಾಕಿಕೊಡುವುದಾಗಿ ಒಪ್ಪಿಕೊಂಡರು.

ಹಾಗಾಗಿ ಯಂತ್ರವೇ ಗತಿಯಾಯಿತು. ನಮ್ಮ ಕಡೆ ಈಗ ಹತ್ತು ಮನೆಯಲ್ಲಿ ಮೂರು ಮನೆಗಾದರೂ ಚೈನ್ ಸಾ ಬಂದಿದೆ. ಹೆಸರಾಂತ ಕಂಪನಿಯದಾದರೆ ನನ್ನ ಒಂದು ತಿಂಗಳ ಸಂಬಳಕ್ಕೂ ಎಟುಕದ್ದು. ಚೀನಾದಿಂದ ಬರುವ 58 ಸಿ.ಸಿ.ಯದು ಆಗ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ನಮ್ಮಲ್ಲಿ ಇದ್ದದ್ದು ಈ ಎರಡನೆಯದು. ಚೈನ್ ಸಾ ಮರವನ್ನು ಅಡ್ಡಕ್ಕೆ ತುಂಡರಿಸಲು ಹುಟ್ಟಿದ ಯಂತ್ರ. ಉದ್ದಕ್ಕೆ ಸೀಳಿ ಹಲಗೆ ಮಾಡಬೇಕಾದರೆ ಎರಡು ಬದಲಾವಣೆ ಬೇಕು. ಒಂದು, ಅದರ ಹಲ್ಲು. ಅಡ್ಡ ಕೊಯ್ಯುವ ಸರಪಳಿಯ ಹಲ್ಲನ್ನು ಸುಮಾರು 30 ಡಿಗ್ರಿ ಓರೆಗೆ ಅರೆದಿರುತ್ತಾರೆ. ಸೀಳುವುದಕ್ಕೆ ಅದನ್ನು 10 ಡಿಗ್ರಿಗೆ ಇಳಿಸಿದರೆ ಹಲಗೆಯ ಮೈ ನಯವಾಗಿ ಬರುತ್ತದೆ. ಹೊಸ ಸರಪಳಿ ತರಿಸುವ ಬದಲು ಇದ್ದದ್ದನ್ನೇ ದುಂಡು ಅರದಿಂದ ಹಲ್ಲು ಹಲ್ಲು ಹಿಡಿದು ಅರೆದುಕೊಂಡೆ. ಎರಡು, ಹಿಡಿತ. ಗರಗಸದ ಅಲಗು ಎಲ್ಲ ಕಡೆ ಒಂದೇ ಆಳದಲ್ಲಿ ಹರಿಯಲು ಒಂದು ಚೌಕಟ್ಟು ಬೇಕು. ಹೊರದೇಶಗಳಲ್ಲಿ ಇದನ್ನು ಅಲಾಸ್ಕನ್ ಮಿಲ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಕೊಪ್ಪದ ವೆಲ್ಡಿಂಗ್ ಅಂಗಡಿಯ ಹುಡುಗನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಗೇಟು ಮಾಡಿ ಉಳಿದ ಚೌಕ ಪೈಪಿನಲ್ಲೇ ಮಾಡಿಕೊಟ್ಟ. ಎತ್ತರ ಏರಿಳಿಸಲು ಬೋಲ್ಟು, ಅಲಗು ಕಚ್ಚಿ ಹಿಡಿಯಲು ಎರಡು ಕ್ಲಾಂಪು, ಅಷ್ಟೆ.

ಹೆಲ್ಮೆಟ್ಟು, ಕಿವಿಯ ಮುಚ್ಚಳ, ಗಟ್ಟಿ ಬೂಟು ಇವುಗಳಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ. ಚೈನ್ ಸಾದ ಸದ್ದು 100 ಡೆಸಿಬಲ್ ದಾಟುತ್ತದೆ, ಸೀಳುವಾಗ ಅದರ ಹೊಗೆಯಲ್ಲೇ ತುಂಬಾ ಹೊತ್ತು ಬಗ್ಗಿ ನಿಂತಿರಬೇಕು, ಅಲಗಿನ ತುದಿ ಎಲ್ಲಾದರೂ ತಾಗಿದರೆ ಯಂತ್ರ ಮೈಮೇಲೆ ಹಾರುತ್ತದೆ. ಇಲ್ಲಿ ಉಳಿಸಿದ ದುಡ್ಡು ಆಸ್ಪತ್ರೆಗೆ ಬಡ್ಡಿ ಸೇರಿಸಿ ಹೋಗುವಂಥದು.

ಮಳೆ ಬಿಡುವವರೆಗೆ ದಿಮ್ಮಿಗಳನ್ನು ಕಾಯಬೇಕಿತ್ತು. ತೊಗಟೆ ಸುಲಿದು, ನೆಲದ ತೇವ ತಾಗದಂತೆ ಅಡಿಕೆ ಮರದ ತುಂಡುಗಳ ಮೇಲೆ ಏರಿಸಿ, ಎರಡೂ ತುದಿಗೆ ಮನೆಯಲ್ಲಿ ಉಳಿದಿದ್ದ ಪೇಂಟು ಬಳಿದೆ. ಅಪ್ಪಯ್ಯನಾದರೆ ಸಗಣಿ ಬಳಿಯುತ್ತಿದ್ದರು. ಕೆಲಸ ಒಂದೇ: ಮರದ ನೀರು ಮೈಯಿಂದ ಹೋಗುವುದಕ್ಕಿಂತ ಎಷ್ಟೋ ಬೇಗ ಕೊಯ್ದ ತುದಿಯಿಂದ ಹೋಗುತ್ತದೆ, ಅಲ್ಲಿ ಮುಚ್ಚದಿದ್ದರೆ ತುದಿಯಿಂದ ಸೀಳು ಬಿಟ್ಟುಕೊಂಡು ಒಳಗೆ ಓಡುತ್ತದೆ. ದೀಪಾವಳಿ ಮುಗಿದ ಮೇಲೆ ಊರಿನ ಹುಡುಗರು ಸೇರಿ ಹಾರೆ, ಸನ್ನೆಗೋಲು, ಹಗ್ಗ ಹಾಕಿ ಬುಡದ ದಿಮ್ಮಿಯನ್ನು ಅಂಗಳಕ್ಕೆ ಉರುಳಿಸಿದರು. ಅರ್ಧ ಟನ್ನಿನಷ್ಟು ತೂಗುವ ಹಸಿ ಮರ ಅಡಿಕೆ ಮರದ ಉರುಳೆಗಳ ಮೇಲೆ ಸಾಗಿದ್ದು ನೋಡಿ, ಲಿವರ್ ಪಾಠ ಮಾಡಲು ಇನ್ನು ಮೇಲೆ ಬೋರ್ಡು ಬೇಡವೇ ಬೇಡ ಅನಿಸಿತು.

ಕೊಯ್ಯುವ ಮೊದಲು ಹಾಳಾದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಿಮ್ಮಿಯ ಮೈಮೇಲೆಲ್ಲ ಆಡಿಸಿದೆ. ಮನೆಯ ಹತ್ತಿರದ ಮರ ಅಂದರೆ ಮೊಳೆ ಇಲ್ಲದ್ದು ಇರುವುದಿಲ್ಲ. ಬಟ್ಟೆ ಒಣಗಿಸುವ ತಂತಿಗೆ ಹೊಡೆದದ್ದು, ದನ ಕಟ್ಟಲು ಹೊಡೆದದ್ದು, ಚುನಾವಣೆಯಲ್ಲಿ ಯಾರೋ ಬೋರ್ಡು ತೂಗಿಸಿದ್ದು, ಎಲ್ಲವನ್ನೂ ಮರ ನುಂಗಿಕೊಂಡು ಬೆಳೆದಿರುತ್ತದೆ. ಅಯಸ್ಕಾಂತ ಕಚ್ಚಿದಲ್ಲೆಲ್ಲ ಉಳಿ ಹಾಕಿ ಕಿತ್ತೆ. ಆಳದಲ್ಲಿದ್ದವು ಅಯಸ್ಕಾಂತಕ್ಕೂ ಸಿಗುವುದಿಲ್ಲ. ಕೊಯ್ಯುವಾಗ ಮರದಲ್ಲಿ ಕಪ್ಪು ನೀಲಿ ಕಲೆ ಕಂಡರೆ ಹತ್ತಿರದಲ್ಲೇ ಕಬ್ಬಿಣ ಇದೆ ಎಂದು ತಿಳಿದು ನಿಲ್ಲಿಸಬೇಕು ಎಂದು ಹಿರಿಯರು ಹೇಳಿಕೊಟ್ಟರು.

ಮೊದಲ ಕೊಯ್ತಕ್ಕೆ ಮಾತ್ರ ಆಸರೆ ಬೇಕು. ಉಬ್ಬುತಗ್ಗಿನ ದಿಮ್ಮಿಯ ಮೇಲೆ ಚೌಕಟ್ಟು ನೆಟ್ಟಗೆ ಓಡುವುದಿಲ್ಲ. ಅಲ್ಯೂಮಿನಿಯಂ ಏಣಿಯನ್ನು ದಿಮ್ಮಿಯ ಬೆನ್ನ ಮೇಲೆ ಮಟ್ಟಸವಾಗಿ ಕೂರಿಸಿ, ಅದರ ಮೇಲೆ ಚೌಕಟ್ಟನ್ನು ಜಾರಿಸಿದೆವು. ಆ ಒಂದು ಸಮತಟ್ಟಾದ ಮುಖ ಸಿಕ್ಕರೆ ಮುಂದಿನ ಪ್ರತಿ ಕೊಯ್ತಕ್ಕೂ ಹಿಂದಿನದೇ ಹಳಿ. ಹಲಸಿನ ಮೇಣ ಸರಪಳಿಗೆ ಹತ್ತಿ ಅಲಗು ಕಪ್ಪಾಯಿತು; ಹಣ್ಣು ಬಿಡಿಸುವಾಗ ಕೈಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಹಳೆ ಬನಿಯನ್ನಿಗೆ ಹಾಕಿ ಒರೆಸಿದೆವು. ಅಂಗಳವೆಲ್ಲ ಅರಿಶಿನ ಬಣ್ಣದ ಹೊಟ್ಟು. ಹಲಸಿನ ಚೇಗಿನಲ್ಲಿ ಮೋರಿನ್ ಎಂಬ ಬಣ್ಣದ ವಸ್ತುವಿದೆ. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಚೀವರಕ್ಕೆ ಈ ಚೇಗನ್ನೇ ಕುದಿಸಿ ಬಣ್ಣ ಹಾಕುತ್ತಿದ್ದರು. ನನ್ನ ಬಿಳಿ ಪಂಚೆಗೂ ಆ ದೀಕ್ಷೆ ಆಯಿತು.

ಆದರೆ ಆ ಹೊಟ್ಟಿನ ರಾಶಿ ನೋಡುತ್ತ ನನ್ನ ಗಣಿತ ಎಚ್ಚರವಾಯಿತು. ಚೈನ್ ಸಾ ಒಂದು ಕೊಯ್ತಕ್ಕೆ ಸುಮಾರು 8 ಮಿಲಿಮೀಟರ್ ಮರವನ್ನು ತಿನ್ನುತ್ತದೆ. ಒಂದಂಗುಲದ ಹಲಗೆ 25 ಮಿಲಿಮೀಟರ್. ಅಂದರೆ ಪ್ರತಿ ಮೂರು ಕೊಯ್ತಕ್ಕೆ ಒಂದು ಹಲಗೆ ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ಸಾಮಿಲ್ಲಿನ ಬ್ಯಾಂಡ್ ಸಾ ತಿನ್ನುವುದು ಅದರ ಕಾಲು ಭಾಗದಷ್ಟು. ವ್ಯಾಪಾರಿಯ ಸೂತ್ರ ಕಳೆದಿದ್ದ ಐದನೇ ಒಂದು ಭಾಗವನ್ನು ಉಳಿಸುತ್ತೇನೆಂದು ಹೊರಟವನು ಅದಕ್ಕಿಂತ ಹೆಚ್ಚನ್ನು ಹೊಟ್ಟಿಗೆ ಕೊಡುವ ಹಾಗಿತ್ತು. ಹಿರಿಯರಿಗೆ ಈ ಲೆಕ್ಕ ಹೇಳಿದೆ. ಅವರು ಗೆರೆ ಹಾಕುವ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಹಾಗಾದ್ರೆ ಕಡಿಮೆ ಕೊಯ್ಯಿರಿ” ಎಂದರು.

ಕಡಿಮೆ ಕೊಯ್ಯುವುದು ಅಂದರೆ ದಪ್ಪ ಕೊಯ್ಯುವುದು. ಕಿಟಕಿಗೆಂದು ಒಂದಂಗುಲದ ಹಲಗೆಗಳ ಪಟ್ಟಿ ಮಾಡಿಕೊಂಡಿದ್ದೆ. ಅದನ್ನು ಮಡಚಿ ಜೇಬಿಗಿಟ್ಟೆ. ಬುಡದ ದಿಮ್ಮಿಯನ್ನು ಎರಡಂಗುಲದ ಹಲಗೆಗಳಾಗಿ ಸೀಳುವುದೆಂದಾಯಿತು. ಕೊಯ್ತ ಅರ್ಧಕ್ಕಿಳಿಯಿತು, ಪೆಟ್ರೋಲೂ ಅರ್ಧಕ್ಕಿಳಿಯಿತು. ಬುಡದಲ್ಲಿ ವ್ಯಾಪಾರಿ ಹೇಳಿದ ಟೊಳ್ಳು ನಿಜವಾಗಿಯೂ ಇತ್ತು, ಆದರೆ ಮೊಳದುದ್ದ ಮಾತ್ರ. ಅದರಾಚೆ ಚೇಗು ಗಟ್ಟಿಯಾಗಿತ್ತು. ನಟ್ಟನಡುವಿನ ಬೆಂಡು ಇರುವ ಹಲಗೆ ಹೇಗೂ ಸೀಳು ಬಿಡುತ್ತದೆ ಎಂದು ಹಿರಿಯರು ಅದನ್ನು ಪಕ್ಕಕ್ಕೆ ಇರಿಸಿದರು. ಎರಡು ದೊಡ್ಡ ಕೊಂಬೆಗಳು ಕವಲೊಡೆಯುವ ಜಾಗಕ್ಕೆ ಬಂದಾಗ, “ಇದನ್ನು ಸಾಮಿಲ್ಲಿನವ ಸೌದೆಗೆ ಎಸೀತಾನೆ. ನೆಟ್ಟಗಿನ ಹಲಗೆ ಬರಲ್ಲ, ಹೊತ್ತು ಹಾಳು” ಎಂದು ಗೆರೆಯನ್ನು ಕವಲಿನ ಎರಡೂ ತೋಳಿನ ನಡುವೆ ಹಾಯಿಸಿದರು. ಸೀಳಿ ತೆರೆದಾಗ ಎರಡೂ ಕಡೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಅಗಲ ಹಲಗೆ ಬಂತು. ಯಾವ ಅಂಗಡಿಯಲ್ಲೂ ಕೇಳಿ ತರುವಂಥದ್ದಲ್ಲ, ಏಕೆಂದರೆ ಅದಕ್ಕೆ ಅಳತೆಯೇ ಇಲ್ಲ.

ಇದನ್ನೇ ನಾನು ಹೇಳಬೇಕೆಂದಿರುವುದು. ಸಾಮಿಲ್ಲಿಗೆ ಬೇಕಾಗಿರುವುದು ಒಂದೇ ಅಳತೆಯ ಹಲಗೆ. ನಾಳೆ ಯಾರು ಬಂದು ಕೊಳ್ಳುತ್ತಾರೋ ಅವರಿಗೆ ಹೊಂದಬೇಕು. ಮನೆಯಲ್ಲಿ ಕೊಯ್ಯುವವನಿಗೆ ಆ ಹಂಗಿಲ್ಲ. ಯಂತ್ರದ ಬಲ, ಮರ ಉಳಿಸುವ ಜಾಣ್ಮೆ, ವೇಗ, ಮೂರರಲ್ಲೂ ಅವನು ಸಾಮಿಲ್ಲಿಗೆ ಸೋಲುತ್ತಾನೆ. ಎಲ್ಲಿ ಕೊಯ್ಯಬೇಕು, ಎಲ್ಲಿ ಕೊಯ್ಯದೆ ಬಿಡಬೇಕು ಎಂಬುದೊಂದೇ ಅವನ ಕೈಯಲ್ಲಿರುವುದು. ಆ ಒಂದನ್ನು ಬಳಸದೆ, ಅಂಗಡಿಯ ಪಟ್ಟಿ ಹಿಡಿದು ದಿಮ್ಮಿಯ ಮುಂದೆ ನಿಂತರೆ ಅಂಗಡಿಗಿಂತ ಕೆಟ್ಟ ಹಲಗೆ ಅಂಗಡಿಗಿಂತ ಹೆಚ್ಚು ಖರ್ಚಿನಲ್ಲಿ ಸಿಗುತ್ತದೆ.

ಕೊಯ್ದದ್ದು ಮುಗಿಯಿತೆಂದು ಹುಡುಗರು ಪಾಯಸ ಉಂಡು ಹೋದರು. ನಿಜವಾದ ಕೆಲಸ ಆಮೇಲೆ. ಹಸಿ ಮರದ ಒಳಗಿನ ಖಾಲಿ ಜಾಗದ ನೀರು ಹೋಗುವಾಗ ಹಲಗೆಗೆ ಏನೂ ಆಗುವುದಿಲ್ಲ. ತೇವ ಶೇ. 30ರ ಸುಮಾರಿಗೆ ಇಳಿದ ಮೇಲೆ ಎಳೆಗಳೇ ನೀರು ಬಿಟ್ಟುಕೊಂಡು ಕುಗ್ಗತೊಡಗುತ್ತವೆ. ದಿಮ್ಮಿಯ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ನಡುವಿನಿಂದ ಹೊರಗಿನ ದಿಕ್ಕಿಗಿಂತ ಸರಿಸುಮಾರು ಎರಡು ಪಟ್ಟು. ಅದಕ್ಕೇ ಅಂಚಿನ ಹಲಗೆ ತೊಗಟೆಯ ಕಡೆಗೆ ಬಿಸಿಲಿಗಿಟ್ಟ ಹಪ್ಪಳದಂತೆ ಮುದುಡುತ್ತದೆ. ತಪ್ಪಿಸಲು ದಾರಿ ನಿಧಾನ ಒಂದೇ. ಕೊಟ್ಟಿಗೆಯ ಪಕ್ಕದ, ಬಿಸಿಲು ಬೀಳದ ಗಾಳಿ ಆಡುವ ಕಡೆ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಒಂದೂವರೆ ಅಡಿಗೊಂದರಂತೆ ಅಂಗುಲ ದಪ್ಪದ ಒಣ ಅಡ್ಡಪಟ್ಟಿ ಇಟ್ಟೆವು. ಮೇಲಿನಿಂದ ಕೆಳಗಿನವರೆಗೆ ಪಟ್ಟಿಗಳು ಒಂದೇ ಸಾಲಿನಲ್ಲಿರಬೇಕು, ಇಲ್ಲವಾದರೆ ಭಾರಕ್ಕೆ ಹಲಗೆ ಅಲ್ಲೇ ಬಾಗಿ ಒಣಗುತ್ತದೆ. ಮೇಲೆ ಚಪ್ಪಡಿ ಕಲ್ಲು ಹೇರಿದೆವು. ಹೊರಗಿನ ಬಿಳಿ ಭಾಗಕ್ಕೆ ಮಾತ್ರ ಬೋರಾಕ್ಸು, ಬೋರಿಕ್ ಪೌಡರು ಬಿಸಿನೀರಿನಲ್ಲಿ ಕರಗಿಸಿ ಬಳಿದೆ. ಚೇಗಿನ ತಂಟೆಗೆ ಗೆದ್ದಲು ಅಷ್ಟು ಸುಲಭವಾಗಿ ಬರುವುದಿಲ್ಲ.

ಅಂಗುಲಕ್ಕೊಂದು ವರ್ಷ ಎಂಬುದು ಒಣಗುವುದಕ್ಕೆ ಎಲ್ಲ ಕಡೆ ಹೇಳುವ ಲೆಕ್ಕ. ಎರಡಂಗುಲ ಕೊಯ್ದು ಪೆಟ್ರೋಲು ಉಳಿಸಿದವನು ಎರಡು ವರ್ಷ ಕೊಡಬೇಕಾಯಿತು. ಮಲೆನಾಡಿನಲ್ಲಿ ಆ ಲೆಕ್ಕವೂ ನೆಟ್ಟಗೆ ಹೋಗುವುದಿಲ್ಲ. ತೇವ ಅಳೆಯುವ ಮೀಟರು ಕೊಳ್ಳದೆ, ರಾಶಿಯಿಂದ ಒಂದು ಸಣ್ಣ ತುಂಡನ್ನು ಎಳೆಯುವಂತೆ ಇಟ್ಟುಕೊಂಡು, ಅಡಿಕೆ ತೂಗುವ ತಕ್ಕಡಿಯಲ್ಲಿ ಆಗಾಗ ತೂಗಿ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೆ. ಬೇಸಿಗೆಯಲ್ಲಿ ತೂಕ ಬೇಗ ಇಳಿಯಿತು. ಆಷಾಢದಲ್ಲಿ ಮತ್ತೆ ಏರಿತು. ಇಳಿಯಿತು, ಏರಿತು. ಮರುಬೇಸಿಗೆಯಲ್ಲಿ ತೂಕ ಒಂದು ಕಡೆ ಬಂದು ನಿಂತಿತು. ಅದೇ ನಡುವೆ ಕೊರೋನಾ ಬಂದು ಶಾಲೆ ಮುಚ್ಚಿತ್ತು. ಹಲಗೆ ತೂಗುವುದು ಆ ದಿನಗಳಲ್ಲಿ ನನಗಿದ್ದ ಕೆಲವೇ ನಿಶ್ಚಿತ ಕೆಲಸಗಳಲ್ಲೊಂದು.

ಆಚಾರ್ರು ಬಂದು ರಾಶಿ ನೋಡಿದಾಗ ಮುಖ ಗಂಟಿಕ್ಕಿದರು. “ಒಂದೊಂದು ಒಂದೊಂದು ಅಗಲ ಉಂಟಲ್ಲ ಮೇಷ್ಟ್ರೇ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಪ್ಲೈವುಡ್ ತಂದಿದ್ರೆ ಇಷ್ಟೊತ್ತಿಗೆ ಮೇಜಾಗಿರ್ತಿತ್ತು.” ಚೈನ್ ಸಾ ಬಿಟ್ಟ ಗೀರುಗಳನ್ನೆಲ್ಲ ಹತ್ತರಿ ಹೊಡೆದು ತೆಗೆಯಲು ಅವರು ಬೇರೆ ಕೂಲಿ ಹಿಡಿದರು, ಅದು ನ್ಯಾಯವೇ. ಕವಲಿನ ಹಲಗೆ ಊಟದ ಮೇಜಾಯಿತು. ಅದರ ಅಗಲಕ್ಕೆ ನಾಲ್ಕು ಜನ ಸರಿ, ಆರು ಜನಕ್ಕೆ ಇಕ್ಕಟ್ಟು. ಹೆಂಡತಿ ಕೇಳಿದ್ದು ಆರು ಜನದ್ದು. ಉಳಿದ ದಪ್ಪ ಹಲಗೆಗಳು ಜಗುಲಿಯ ಬೆಂಚುಗಳಾದವು, ಕೊಟ್ಟಿಗೆಗೆ ಹೊಸ ಬಾಗಿಲಾಯಿತು. ಕಿಟಕಿಗಳಿಗೆ ಕೊನೆಗೂ ಅಂಗಡಿಯಿಂದಲೇ ಮರ ತರಬೇಕಾಯಿತು.

ಹೊಸತರಲ್ಲಿ ಮೇಜು ನಿಂಬೆಹಣ್ಣಿನ ಹಳದಿ ಇತ್ತು, ಈಗ ಬೆಳಕಿಗೆ ಕಂದಾಗಿದೆ. ನೋಡಿದವರು ಎಷ್ಟಾಯಿತು ಎಂದು ಕೇಳುತ್ತಾರೆ. ಪೆಟ್ರೋಲು, ಎಣ್ಣೆ, ವೆಲ್ಡಿಂಗು, ಹುಡುಗರ ಊಟ, ಹಿರಿಯರ ಕೈಕಾಣಿಕೆ, ಆಚಾರ್ರ ಕೂಲಿ ಎಲ್ಲ ಕೂಡಿಸಿದರೆ ಅಂಗಡಿಯ ಮೇಜಿಗಿಂತ ಕಡಿಮೆ ಹೌದು, ಆದರೆ ಬೆರಗಾಗುವಷ್ಟು ಕಡಿಮೆಯಲ್ಲ. ಕಾಯುವುದಕ್ಕೆ ಕೊಟ್ಟ ಎರಡು ಮಳೆಗಾಲದ ಜಾಗಕ್ಕೆ ಬಾಡಿಗೆ ಹಾಕಿದರೆ ಲೆಕ್ಕ ತಿರುಗಿಬಿದ್ದರೂ ಬಿದ್ದೀತು. ಅಗ್ಗವಾದದ್ದು ಯಂತ್ರದಿಂದ ಅಲ್ಲ. ಆರು ಜನರ ಮೇಜು ಬೇಕೆಂಬ ಹಟ ಬಿಟ್ಟು ಮರದಲ್ಲಿದ್ದ ನಾಲ್ಕು ಜನರ ಮೇಜನ್ನು ಒಪ್ಪಿಕೊಂಡದ್ದರಿಂದ.

ಈಗ ಮಳೆಗಾಲದಲ್ಲಿ ಎಲ್ಲಾದರೂ ಮರ ಬಿದ್ದರೆ ಆ ಮನೆಯವರು ನನ್ನ ಚೌಕಟ್ಟಿನ ಅಳತೆ ಕೇಳಿಕೊಂಡು ಬರುತ್ತಾರೆ. ಗಾರ್ಡ್ ಹೇಳಿದ ಮಾತು ನೆನಪಿಟ್ಟು ನಾನು ಯಾರ ಮರವನ್ನೂ ಕೊಯ್ದುಕೊಡುವುದಿಲ್ಲ. ಚೌಕಟ್ಟಿನ ಚಿತ್ರ ಬರೆದುಕೊಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಹಲಗೆ ಒಣಗಿಸಲು ಎರಡು ವರ್ಷ ಬಿಟ್ಟುಕೊಡುವಷ್ಟು ನೆರಳಿನ ಜಾಗ ನಿಮ್ಮಲ್ಲಿದೆಯಾ? ಇಲ್ಲ ಎಂದವರಿಗೆ ಆ ವ್ಯಾಪಾರಿಯ ಫೋನ್ ನಂಬರ್ ಕೊಟ್ಟು ಕಳಿಸುತ್ತೇನೆ, ಅವನು ಕೊಡುವ ಬೆಲೆ ಅಂಥವರಿಗೆ ಲಾಭದ್ದೇ.